ಮದುವೆ ಬೇಡ ಅನ್ನಿಸಿದರೆ ಅದೇ ದೈವಕರೆಯಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು: ದೈವಕರೆ, ಅಂದರೆ ಸಿಸ್ಟರೋ ಫಾದರೋ ಆಗಲು ದೇವರು ಕರೆಯುವುದು. ಪ್ರತಿ ವರ್ಷ ಬೇಸಿಗೆಯಲ್ಲಿ ಹೀಗೆಯೇ. ಪರೀಕ್ಷೆ ಮುಗಿದಿರುತ್ತದೆ, ಚರ್ಚಿನಲ್ಲಿ ಭಾನುವಾರದ ಪೂಜೆ ಕೊನೆಗೆ ದೈವಕರೆ ಶಿಬಿರದ ಪ್ರಕಟಣೆ ಓದುತ್ತಾರೆ, ಮನೆಗಳಲ್ಲಿ ಗುಸುಗುಸು ಶುರುವಾಗುತ್ತದೆ. ಹಾಗಾಗಿ ಅತ್ತೆ-ಸೊಸೆ ಪತ್ರಗಳು ಮುಂದಿನ ತಿಂಗಳಿಗೆ, ಬೇಜಾರು ಮಾಡಿಕೊಳ್ಳಬೇಡಿ. ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದು ಹಾಕಿದ್ದೇನೆ.

ಪ್ರಶ್ನೆ: ಸಿಸ್ಟರ್, ನನಗೆ 26 ವರ್ಷ. ಊರು ಕೊಳ್ಳೇಗಾಲದ ಕಡೆ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೂರು ವರ್ಷದಿಂದ ಕಾನ್ವೆಂಟ್ ಸೇರಿ ಸಿಸ್ಟರ್ (ಸನ್ಯಾಸಿನಿ) ಆಗಬೇಕು ಅನ್ನಿಸುತ್ತಿದೆ, ಯಾರಿಗೂ ಹೇಳಿಲ್ಲ. ನೈಟ್ ಡ್ಯೂಟಿ ಮುಗಿಸಿ ಚಾಪೆಲ್‌ನಲ್ಲಿ ಹತ್ತು ನಿಮಿಷ ಕೂತರೆ ಸಮಾಧಾನ ಆಗುತ್ತದೆ. ಕಳೆದ ತಿಂಗಳು ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋದರು. ಹುಡುಗ ಒಳ್ಳೆಯವನು, ಸರ್ಕಾರಿ ಕೆಲಸ. ಅವರು ಹೋದ ಮೇಲೆ ಬಚ್ಚಲುಮನೆಯಲ್ಲಿ ನಿಂತು ಅತ್ತೆ. ಅಕ್ಕನ ಸಂಸಾರ ನೋಡಿದ್ದೇನೆ, ಬಾವ ಕುಡಿಯುತ್ತಾರೆ. ನನ್ನದು ದೇವರ ಕರೆಯಾ, ಮದುವೆ ಭಯವಾ? ಯಾವ ಧ್ವನಿಯೂ ಕೇಳಿಸಿಲ್ಲ, ಕನಸೂ ಬಿದ್ದಿಲ್ಲ. ಓದಿನ ಸಾಲ ಇನ್ನೂ 1,80,000 ಬಾಕಿ ಇದೆ. ಅಮ್ಮ ಮೇ ತಿಂಗಳಲ್ಲಿ ಹೂ ಮುಡಿಸೋಣ ಅಂತಿದ್ದಾರೆ.

ಉತ್ತರ: ನೀನು ಅಂತಲೇ ಬರೆಯುತ್ತೇನೆ ಮಗಳೇ, ನನಗೆ 62 ದಾಟಿದೆ.

ಮೊದಲು ಧ್ವನಿಯ ವಿಷಯ ಮುಗಿಸಿಬಿಡೋಣ. ನನಗೂ ಕೇಳಿಸಿಲ್ಲ. ಮನೆ ಬಿಟ್ಟು ಬಂದು 43 ವರ್ಷ ಆಯ್ತು, ಇನ್ನೂ ಕೇಳಿಸಿಲ್ಲ. ಬೈಬಲ್‌ನಲ್ಲಿ ಬಾಲಕ ಸಮುವೇಲನಿಗೆ ನಿಜವಾಗಿಯೂ ಕೇಳಿಸಿತು, ಆದರೆ ಅವನು ಏನು ಮಾಡಿದ? ಮುದುಕ ಏಲಿ ಕರೆದನೇನೋ ಅಂದುಕೊಂಡು ಮೂರು ಸಲ ಎದ್ದು ಓಡಿದ. ಅದು ದೇವರ ಕರೆ ಅಂತ ಗೊತ್ತಾಗಿದ್ದು ಹುಡುಗನಿಗಲ್ಲ, ಪಕ್ಕದಲ್ಲಿದ್ದ ಆ ಮುದುಕನಿಗೆ. ಧ್ವನಿ ಕೇಳಿಸಿದವನಿಗೇ ಒಬ್ಬ ಹಿರಿಯ ಬೇಕಾಯಿತು ಅಂದಮೇಲೆ ನಮ್ಮಂಥವರ ಪಾಡೇನು? ನಿನಗೆ ಧ್ವನಿ ಕೇಳಿಸದಿರುವುದು ನನಗೆ ಚಿಂತೆಯೇ ಅಲ್ಲ. ಮೂರು ವರ್ಷದಿಂದ ಯಾರಿಗೂ ಹೇಳಿಲ್ಲ ಅಂದೆಯಲ್ಲ, ಅದು ಚಿಂತೆ.

ಈಗ ಭಯದ ವಿಷಯ. ಒಂದು ಹಳೆಯ ಸಂಗತಿ ಹೇಳುತ್ತೇನೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಒಬ್ಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಹೆಸರು ಇಗ್ನೇಷಿಯಸ್, ಊರು ಲೊಯೊಲಾ. ತಿಂಗಳುಗಟ್ಟಲೆ ಹಾಸಿಗೆ. ಓದೋಕೆ ವೀರರ ಪ್ರೇಮಕಥೆ ಕೇಳಿದ, ಮನೆಯಲ್ಲಿ ಸಿಕ್ಕಿದ್ದು ಯೇಸುವಿನ ಜೀವನ, ಸಂತರ ಕಥೆ. ಮಲಗಿದಲ್ಲೇ ಹಗಲುಗನಸು ಕಾಣುತ್ತಿದ್ದ. ಒಂದು ಕನಸಿನಲ್ಲಿ ದೊಡ್ಡ ಮನೆತನದ ಒಬ್ಬ ಹೆಣ್ಣನ್ನು ಮೆಚ್ಚಿಸಲು ಸಾಹಸ ಮಾಡುತ್ತಾನೆ, ಇನ್ನೊಂದರಲ್ಲಿ ಸಂತ ಫ್ರಾನ್ಸಿಸ್ ಹಾಗೆ ಬರಿಗಾಲಲ್ಲಿ ಹೊರಡುತ್ತಾನೆ. ಎರಡೂ ಕಾಣುವಾಗ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದ ಹಾಗೆ, ಎರಡನೆಯದು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವನು ಗಮನಿಸಿದ, ಅಷ್ಟೇ. ಅವನು ಕಟ್ಟಿದ ಯೇಸುಸಭೆ ಹುಟ್ಟುವುದಕ್ಕೆ ಇನ್ನೂ ಬಹಳ ವರ್ಷ ಇತ್ತು, ಮೊದಲು ಶುರುವಾಗಿದ್ದು ಈ ಲೆಕ್ಕ.

ನೀನೂ ಅದೇ ಮಾಡು. ಚಾಪೆಲ್‌ನಲ್ಲಿ ಕೂತಾಗ ಸಮಾಧಾನ ಆಗುವುದು ದೊಡ್ಡದಲ್ಲ, ರಾತ್ರಿಯಿಡೀ ಓಡಾಡಿದವರಿಗೆ ಬೆಂಚು ಸಿಕ್ಕರೂ ಸಮಾಧಾನವೇ. ಎದ್ದು ಬಂದು ಹಾಸ್ಟೆಲ್‌ನಲ್ಲಿ ಬಕೆಟ್ ಹಿಡಿದು ಸಾಲಲ್ಲಿ ನಿಂತಾಗ ಏನು ಉಳಿದಿದೆ ಅಂತ ನೋಡು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಎರಡು ತಿಂಗಳು ದಿನಕ್ಕೆ ಎರಡು ಸಾಲು ಬರಿ. ಒಳ್ಳೆಯ ದಿನವೂ ಬರಿ, ವಾರ್ಡಿನಲ್ಲಿ ಬೈಸಿಕೊಂಡ ದಿನವೂ ಬರಿ. ಬೈಸಿಕೊಂಡ ದಿನ ಮಾತ್ರ ಕಾನ್ವೆಂಟ್ ನೆನಪಾಗುತ್ತಿದ್ದರೆ, ಅದು ಕರೆಯಲ್ಲ, ಸುಸ್ತು.

ಆಮೇಲೆ ಅಕ್ಕನ ಗಂಡ. ಸುಮ್ನೆ ಕೂತು ಹೀಗೆ ಯೋಚಿಸು: ಬಾವ ಕುಡಿಯದವರು, ಅಕ್ಕ ಸುಖವಾಗಿದ್ದಾಳೆ, ನಿನ್ನನ್ನು ನೋಡಲು ಬಂದ ಹುಡುಗ ನೀನು ಬಯಸಿದಂಥವನೇ, ಅವನ ತಾಯಿ ನಿನ್ನನ್ನು ಮಗಳ ಹಾಗೆ ನೋಡುತ್ತಾರೆ, ಎರಡು ಮಕ್ಕಳು, ಸ್ವಂತ ಮನೆ. ಈ ಚಿತ್ರವನ್ನು ಅರ್ಧಂಬರ್ಧ ಅಲ್ಲ, ಪೂರ್ತಿ ಚೆಂದ ಮಾಡಿಕೊಂಡು ನೋಡು. ಅದರ ಪಕ್ಕದಲ್ಲಿ ಇಟ್ಟರೂ ಆ ಇನ್ನೊಂದು ಆಸೆ ಎದ್ದು ನಿಲ್ಲುತ್ತದಾ? ನಿಲ್ಲುತ್ತದೆ ಅಂದರೆ ಮುಂದೆ ಹೋಗು. ಸಿಸ್ಟರ್‌ಗಳು ತೆಗೆದುಕೊಳ್ಳುವ ವ್ರತ ಅಂದರೆ ಕೆಟ್ಟದ್ದನ್ನು ಬಿಟ್ಟು ಓಡುವುದಲ್ಲ. ಒಳ್ಳೆಯದೊಂದನ್ನು, ಒಳ್ಳೆಯದು ಅಂತ ಗೊತ್ತಿದ್ದೇ, ಬಿಡುವುದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷ ನೊವಿಶಿಯೇಟ್, ಅಂದರೆ ಮೊದಲ ವ್ರತಕ್ಕೆ ಮುಂಚಿನ ತರಬೇತಿ, ನನ್ನ ಕೈಯಲ್ಲಿತ್ತು. ಒಬ್ಬ ಹುಡುಗಿ ಇದ್ದಳು, ಮನೆಯಲ್ಲಿ ಮಲತಾಯಿ. ಯಾವಾಗಲೂ ನಗು, ಎಲ್ಲ ಕೆಲಸಕ್ಕೂ ಮುಂದು, ರಜೆ ಕೊಟ್ಟರೂ ಊರಿಗೆ ಹೋಗಲ್ಲ ಅನ್ನುತ್ತಿದ್ದಳು. ನಾನು ವರದಿಯಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದಾಳೆ ಅಂತ ಬರೆದೆ. ಊರಿಗೆ ಹೋಗಲ್ಲ ಅನ್ನುವುದು ತ್ಯಾಗ ಅಂದುಕೊಂಡೆ ನೋಡಿ! ಮೊದಲ ವ್ರತ ಆಯಿತು, ಒಂದು ಊರಿಗೆ ಕಳಿಸಿದರು, ಅಲ್ಲಿಯ ಕಾನ್ವೆಂಟಿನ ಮುಖ್ಯಸ್ಥೆ, ಅಂದರೆ ಸುಪೀರಿಯರ್, ಸ್ವಲ್ಪ ಗಡಸು ದನಿಯವರು. ಎರಡೇ ತಿಂಗಳಿಗೆ ಹುಡುಗಿ ಊಟ ಬಿಟ್ಟಳು, ಮಾತು ಬಿಟ್ಟಳು. ಮಲತಾಯಿ ಅಲ್ಲೂ ಸಿಕ್ಕಿದ್ದರು, ಈ ಸಲ ಓಡಿಹೋಗಲು ಜಾಗವಿರಲಿಲ್ಲ. ಮನೆ ಚೆನ್ನಾಗಿದ್ದಿದ್ದರೂ ನೀನು ಇಲ್ಲಿಗೆ ಬರುತ್ತಿದ್ದೆಯಾ ಅಂತ ಅವಳನ್ನು ಒಂದು ಸಲವೂ ನಾನು ಕೇಳಿರಲಿಲ್ಲ. ಆ ಪ್ರಶ್ನೆಯನ್ನು ನಿನಗೆ ಕೇಳುತ್ತಿದ್ದೇನೆ.

ಇನ್ನು ಸಾಲ. ಇದನ್ನು ಪತ್ರದ ಕೊನೆಗೆ ನಾಚಿಕೊಂಡು ಬರೆದ ಹಾಗಿದೆ, ನಿಜಕ್ಕೂ ಇದು ಸುಲಭದ ಭಾಗ. ತೀರಿಸಲಾಗದ ಸಾಲ ಇರುವವರನ್ನು ನೊವಿಶಿಯೇಟ್‌ಗೆ ಸೇರಿಸಿಕೊಳ್ಳಬಾರದು ಅಂತ ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲೇ ಇದೆ. ಅಪ್ಪನ ತಲೆ ಮೇಲೆ ಕಂತು ಹಾಕಿ ನೀನು ಬಡತನದ ವ್ರತ ತೆಗೆದುಕೊಂಡರೆ ಬಡವರಾಗುವುದು ಅಪ್ಪ, ನೀನಲ್ಲ. ದುಡಿದು ತೀರಿಸು. ಒಂದೂವರೆ ವರ್ಷ ಹಿಡಿಯಬಹುದು, ಹಿಡಿಯಲಿ. ಅಷ್ಟರಲ್ಲಿ ಆಸೆ ಆರಿಹೋದರೆ ಒಳ್ಳೆಯದೇ ಆಯಿತು, ಆರದಿದ್ದರೆ ಇನ್ನೂ ಒಳ್ಳೆಯದು.

ಜನ ತಿಳಿದ ಹಾಗೆ ಕಾನ್ವೆಂಟ್ ಬಾಗಿಲು ಒಳಗೆ ಹೋದ ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಮೊದಲು ಆಸ್ಪಿರೆಂಟ್, ಆಮೇಲೆ ಪೋಸ್ಟುಲೆಂಟ್, ಇವು ನೊವಿಶಿಯೇಟ್‌ಗೆ ಮುಂಚಿನ ಎರಡು ಹಂತ, ಇದರ ಅವಧಿ ಒಂದೊಂದು ಸಭೆಯಲ್ಲಿ (ಸಿಸ್ಟರ್‌ಗಳ ಸಂಘದಲ್ಲಿ) ಒಂದೊಂದು ಥರ. ನೊವಿಶಿಯೇಟ್ ಕಡಿಮೆ ಅಂದರೆ 12 ತಿಂಗಳು, ಹಲವು ಕಡೆ ಎರಡು ವರ್ಷ. ಅಲ್ಲಿಯವರೆಗೂ ವ್ರತ ಇಲ್ಲ. ಯಾವ ದಿನ ಬೇಕಾದರೂ ಪೆಟ್ಟಿಗೆ ಎತ್ತಿಕೊಂಡು ಬರಬಹುದು, ಅವರೂ ಕಳಿಸಬಹುದು. ಆಮೇಲೆ ತಾತ್ಕಾಲಿಕ ವ್ರತ, ಮೂರು ವರ್ಷಕ್ಕೆ ಕಡಿಮೆ ಇಲ್ಲ, ಸಾಮಾನ್ಯವಾಗಿ ಆರಕ್ಕೆ ಜಾಸ್ತಿ ಇಲ್ಲ, ಎಷ್ಟು ಎಳೆದರೂ ಒಂಬತ್ತು. ಅದರ ಅವಧಿ ಮುಗಿದ ದಿನ ಬೇಡ ಅಂದರೆ ಬೇಡ. ಆಮೇಲಷ್ಟೇ ಕೊನೆಯ ವ್ರತ. ಈ ಲೆಕ್ಕದಲ್ಲಿ ನೀನು ನಾಳೆಯೇ ಸೇರಿದರೂ ಜೀವನಪೂರ್ತಿ ಅನ್ನುವ ಮಾತು ಹೇಳುವ ಹೊತ್ತಿಗೆ 33-34 ದಾಟಿರುತ್ತದೆ. ನಮ್ಮ ಕಡೆ ಮದುವೆ ತೀರ್ಮಾನ ಉಪ್ಪಿಟ್ಟು-ಕೇಸರಿಬಾತ್ ತಟ್ಟೆ ಖಾಲಿ ಆಗುವಷ್ಟರಲ್ಲಿ ಆಗುತ್ತದೆ, ಅದಕ್ಕೆ ಹೋಲಿಸಿದರೆ ಇದು ಎಷ್ಟೋ ನಿಧಾನ.

ಯಾವ ಸಭೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನರ್ಸ್ ಅಂತ ಆಸ್ಪತ್ರೆ ನಡೆಸುವವರ ಹತ್ತಿರವೇ ಹೋಗಬೇಕಿಲ್ಲ. 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಪರ್ಡ್ ಸಿಸ್ಟರ್‌ಗಳು ಶಾಲೆಯನ್ನೂ ನಡೆಸಿದರು, 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನೂ ಕಟ್ಟಿದರು. ಮಂಗಳೂರಿಗೆ 1870ರಲ್ಲಿ ಬಂದ ಅಪೊಸ್ತಲಿಕ್ ಕಾರ್ಮೆಲ್‌ನವರದು ಮುಖ್ಯವಾಗಿ ಶಾಲೆ-ಕಾಲೇಜು. ಮಂಗಳೂರಿನಲ್ಲೇ ಹುಟ್ಟಿದ ಸಭೆಗಳೂ ಇವೆ, 1887ರ ಉರ್ಸುಲೈನ್ ಫ್ರಾನ್ಸಿಸ್ಕನ್, 1921ರ ಬೆಥನಿ. ಇನ್ನೂ ಹತ್ತಾರು ಇವೆ. ಕರಪತ್ರದ ಫೋಟೋ ನೋಡಿ ಆರಿಸಬೇಡ, ಎಲ್ಲರ ಕರಪತ್ರದಲ್ಲೂ ಗಿಟಾರ್ ಹಿಡಿದ ಹುಡುಗಿಯರು ನಗುತ್ತಿರುತ್ತಾರೆ. ಹೋಗಿ ನಾಲ್ಕು ದಿನ ಇರು. ವಯಸ್ಸಾದ ಸಿಸ್ಟರ್‌ಗಳನ್ನು ಎಲ್ಲಿ ಇಟ್ಟಿದ್ದಾರೆ, ಅವರ ಕೋಣೆಗೆ ದಿನಕ್ಕೆ ಎಷ್ಟು ಜನ ಹೋಗಿ ಮಾತಾಡಿಸುತ್ತಾರೆ ನೋಡು. ಅಡುಗೆಯವಳನ್ನು, ವಾಚ್‌ಮನ್‌ನನ್ನು ಹೇಗೆ ಕರೆಯುತ್ತಾರೆ ಕೇಳಿಸಿಕೋ. ಊಟದ ಮೇಜಿನಲ್ಲಿ ನಗು ಇದೆಯಾ? ಇನ್ನೂ ಮುಖ್ಯ, ಒಬ್ಬರ ಮೇಲೊಬ್ಬರಿಗೆ ಕೋಪ ಬಂದಾಗ ಸಂಜೆಯ ಪ್ರಾರ್ಥನೆಗೆ ಹೇಗೆ ಬರುತ್ತಾರೆ? ನಾಲ್ಕು ದಿನದಲ್ಲಿ ಇದೆಲ್ಲ ಬಚ್ಚಿಡೋಕೆ ಯಾರಿಂದಲೂ ಆಗುವುದಿಲ್ಲ.

ಅಮ್ಮನಿಗೆ ಹೂ ಮುಡಿಸುವ ಮೊದಲು ಹೇಳು. "ಸಿಸ್ಟರ್ ಆಗ್ತೀನಿ" ಅಂತ ಹೇಳಬೇಡ, ಅದು ನಿನಗೇ ಇನ್ನೂ ಗೊತ್ತಿಲ್ಲ. "ಅಮ್ಮಾ, ನನಗೆ ಒಂದು ವರ್ಷ ಬೇಕು, ಈ ವಿಷಯ ಮನಸ್ಸಲ್ಲಿದೆ" ಅನ್ನು. ಅಳುತ್ತಾರೆ, ಅಳಲಿ. ಆ ಹುಡುಗನ ಮನೆಗೂ ಮೇ ತನಕ ಕಾಯಿಸದೆ ಹೇಳಿಸು. ಇಂಥ ಪತ್ರ ಬರೆಯುವವರು ಯಾರೂ ಹುಡುಗನ ಬಗ್ಗೆ ಯೋಚಿಸುವುದಿಲ್ಲ ಅಂತ ನನಗೆ ಒಂದು ಸಣ್ಣ ಸಿಟ್ಟಿದೆ. ಅವನ ಮನೆಯಲ್ಲೂ ಒಬ್ಬ ತಾಯಿ ಕ್ಯಾಲೆಂಡರ್ ನೋಡುತ್ತಿರುತ್ತಾರೆ.

ಒಬ್ಬ ಹಿರಿಯರನ್ನು ಹಿಡಿ, ಆಸ್ಪತ್ರೆಯ ಚಾಪೆಲ್ ಫಾದರ್ ಆಗಲಿ, ನಿನಗೆ ನಂಬಿಕೆ ಇರುವ ಒಬ್ಬ ಸಿಸ್ಟರ್ ಆಗಲಿ. ತಮ್ಮ ಸಭೆಗೇ ಎಳೆಯುವವರು ಆಗದಿದ್ದರೆ ಒಳ್ಳೆಯದು. ಇಗ್ನೇಷಿಯಸ್ ಇನ್ನೊಂದು ಮಾತು ಹೇಳಿದ್ದಾನೆ: ಮನಸ್ಸು ಕತ್ತಲಲ್ಲಿ ಇರುವಾಗ, ಬೆಳಕಿನಲ್ಲಿ ಮಾಡಿದ ತೀರ್ಮಾನ ಬದಲಿಸಬೇಡ. ಬಚ್ಚಲುಮನೆಯಲ್ಲಿ ಅಳುತ್ತಾ ಯಾವುದನ್ನೂ ತೀರ್ಮಾನ ಮಾಡಬೇಡ, ಹೌದು ಅಂತಲೂ ಬೇಡ, ಇಲ್ಲ ಅಂತಲೂ ಬೇಡ.

ಪ್ರಶ್ನೆ: ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ, ಚಿಕ್ಕಮಗಳೂರು ಕಡೆ. ಚಿಕ್ಕವನಿದ್ದಾಗ ನ್ಯುಮೋನಿಯಾ ಆಗಿ ಸಾಯುವ ಹಾಗಿದ್ದೆನಂತೆ. ಅಮ್ಮ ದೋರನಹಳ್ಳಿ ಸಂತ ಅಂತೋಣಿಯವರಿಗೆ, ಮಗು ಬದುಕಿದರೆ ಗುರುವಾಗಲು (ಫಾದರ್ ಆಗಲು) ಕೊಡುತ್ತೇನೆ ಅಂತ ಹರಕೆ ಹೊತ್ತರಂತೆ. ನನಗೆ ಅಗ್ರಿಕಲ್ಚರ್ ಓದಬೇಕು. ಗುರುಮಠಕ್ಕೆ ಹೋಗಲ್ಲ ಅಂದರೆ ದೇವರಿಗೆ ಮೋಸ ಮಾಡಿದ ಹಾಗಾ?

ಉತ್ತರ: ಇಲ್ಲ ಕಣಪ್ಪಾ. ಹರಕೆ ಹೊತ್ತವರನ್ನು ಮಾತ್ರ ಕಟ್ಟಿಹಾಕುತ್ತದೆ, ಇನ್ನೊಬ್ಬರನ್ನಲ್ಲ. ಇದು ನನ್ನ ಧಾರಾಳತನ ಅಲ್ಲ, ಧರ್ಮಸಭೆಯ ಕಾನೂನೇ ಹಾಗಿದೆ. ಅಮ್ಮ ಕೊಡಬಹುದಾದದ್ದು ಅಮ್ಮನದ್ದು ಮಾತ್ರ. ನೀನು ಅಮ್ಮನ ಮಗ ಹೌದು, ಅಮ್ಮನ ಆಸ್ತಿ ಅಲ್ಲ. ಬಲವಂತಕ್ಕೋ ಹೆದರಿಕೆಗೋ ಸೇರಿದವರ ನೊವಿಶಿಯೇಟ್ ಸೇರ್ಪಡೆಯೇ ಅಸಿಂಧು.

ಆದರೆ ಅಮ್ಮನ ಕಡೆಯಿಂದಲೂ ನೋಡು. ಅವರಿಗೆ ಇರುವುದು ಹಠ ಅಂತ ನನಗೆ ಅನ್ನಿಸುವುದಿಲ್ಲ. ಕೊಟ್ಟ ಮಾತು ತಪ್ಪಿದರೆ ಸಂತರು ಮಗನನ್ನು ವಾಪಸ್ ತೆಗೆದುಕೊಂಡುಬಿಡುತ್ತಾರೇನೋ ಅನ್ನುವ ಭಯ. ಹದಿನೈದು ವರ್ಷದಿಂದ ಆ ಭಯ ಸೆರಗಿನಲ್ಲಿ ಕಟ್ಟಿಕೊಂಡಿದ್ದಾರೆ. ಅದನ್ನು ನೀನು ವಾದ ಮಾಡಿ ಬಿಡಿಸೋಕೆ ಆಗಲ್ಲ. ಧರ್ಮಕೇಂದ್ರದ, ಅಂದರೆ ನಿಮ್ಮ ಊರಿನ ಚರ್ಚಿನ, ಗುರುಗಳ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋಗು. ಇಂಥ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ, ಅದನ್ನು ಬೇರೆ ಪುಣ್ಯಕಾರ್ಯಕ್ಕೆ ಬದಲಿಸುವ ಅಧಿಕಾರ ಧರ್ಮಕೇಂದ್ರದ ಗುರುವಿಗೇ ಇದೆ. ಉಪವಾಸವೋ, ಯಾರದೋ ಮಗುವಿನ ಫೀಸೋ, ಏನಾದರೂ ಹೇಳುತ್ತಾರೆ. ಗುರುಗಳ ಬಾಯಿಂದ ಬಂದರೆ ಅಮ್ಮನಿಗೆ ನಿದ್ದೆ ಬರುತ್ತದೆ.

ಅಮ್ಮ ಸಮುವೇಲನ ತಾಯಿ ಅನ್ನಳ ಕಥೆ ಎತ್ತಬಹುದು, ಅವಳೂ ಹುಟ್ಟುವ ಮಗುವನ್ನೇ ಹರಕೆ ಹೊತ್ತವಳು ಅಲ್ವಾ. ಆಗ ಹೇಳು: ತಾಯಿ ಕರೆತಂದು ಬಿಟ್ಟರೂ ದೇವರು ಆ ಹುಡುಗನನ್ನು ಅವನ ಹೆಸರು ಹಿಡಿದೇ ಕರೆದರು, ಉತ್ತರವನ್ನೂ ಅವನೇ ಕೊಟ್ಟ.

ಪ್ರಶ್ನೆ: ಹತ್ತನೇ ಕ್ಲಾಸ್ ಮುಗಿಸಿದ ಮಗಳು ಒಂದು ದೈವಕರೆ ಶಿಬಿರಕ್ಕೆ ಹೋಗಿ ಬಂದಳು. ಕೊನೆಯ ದಿನ "ಯೇಸು ಕೈ ಚಾಚಿದ್ದಾರೆ, ಇಲ್ಲ ಅಂದರೆ ಅವರ ಕಣ್ಣಲ್ಲಿ ನೀರು ಬರುತ್ತೆ" ಅಂದರಂತೆ. ಅವತ್ತಿಂದ ಮಂಕಾಗಿದ್ದಾಳೆ, ಹೆಸರು ಕೊಟ್ಟು ಬಂದಿದ್ದಾಳೆ. ಏನು ಮಾಡಲಿ?

ಉತ್ತರ: ಹಾಗೆ ಹೇಳಿದವರ ಕಿವಿ ಹಿಂಡಬೇಕು ಅನ್ನಿಸಿತು. ಶಿಬಿರದಲ್ಲಿ ಹೆಸರು ಕೊಡುವುದು ಅಂದರೆ ಫೋನ್ ನಂಬರ್ ಕೊಟ್ಟ ಹಾಗೆ, ಅದಕ್ಕಿಂತ ಜಾಸ್ತಿ ಅರ್ಥ ಅದಕ್ಕಿಲ್ಲ. 17 ತುಂಬುವ ಮೊದಲು ನೊವಿಶಿಯೇಟ್‌ಗೆ ಸೇರಿಸಿಕೊಳ್ಳುವಂತೆಯೇ ಇಲ್ಲ. ಪಿಯುಸಿ ಓದಲಿ, ಸಾಧ್ಯವಾದರೆ ಡಿಗ್ರಿಯೂ ಆಗಲಿ. ಫೋನ್ ಬಂದರೆ ನೀವೇ ತೆಗೆದುಕೊಂಡು, ಮಗಳು ಓದು ಮುಗಿಸಿ ತಾನೇ ಮಾತಾಡುತ್ತಾಳೆ ಅಂತ ಗೌರವವಾಗಿ ಹೇಳಿ. ಮಗಳಿಗೆ ಒಂದು ಮಾತು: ಶ್ರೀಮಂತನೊಬ್ಬ ಯೇಸುವಿನ ಕರೆ ಕೇಳಿ ಬೇಸರದಿಂದ ಹೊರಟುಹೋದ ಅಂತ ಬೈಬಲ್‌ನ ಮಾರ್ಕನ ಶುಭಸಂದೇಶದಲ್ಲಿದೆ. ಯೇಸು ಅವನನ್ನು ಪ್ರೀತಿಯಿಂದ ನೋಡಿದರು ಅಂತಲೂ ಅಲ್ಲೇ ಇದೆ. ಹಿಂದಿನಿಂದ ಕೂಗಲಿಲ್ಲ, ಹೆದರಿಸಲಿಲ್ಲ.

ಪ್ರಶ್ನೆ: ಬೆಳಗಾವಿ ಕಡೆಯವಳು, 31 ವರ್ಷ. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಮುಂದುವರಿಸಲಿಲ್ಲ, ನನ್ನದೇ ತೀರ್ಮಾನ. ಊರಲ್ಲಿ "ಓಡಿ ಬಂದವಳು" ಅಂತಾರೆ. ಒಟ್ಟು ಒಂಬತ್ತು ವರ್ಷ ಅಲ್ಲಿದ್ದೆ, ಶಾಲೆಯಲ್ಲಿ ಪಾಠ ಮಾಡಿದೆ. ಹೊರಡುವಾಗ ಕೈಗೆ 5,000 ಕೊಟ್ಟರು. ಇನ್ನೇನಾದರೂ ಕೇಳುವ ಹಕ್ಕು ಇದೆಯಾ?

ಉತ್ತರ: ನೀನು ಓಡಿ ಬಂದವಳಲ್ಲ. ಅವಧಿ ಮುಗಿಸಿ, ಬಾಗಿಲು ತೆಗೆದುಕೊಂಡು, ನಡೆದು ಬಂದವಳು. ತಾತ್ಕಾಲಿಕ ವ್ರತ ಇರುವುದೇ ಅದಕ್ಕೆ, ಪರೀಕ್ಷೆ ಮಾಡಿ ನೋಡಲಿಕ್ಕೆ. ಪರೀಕ್ಷೆ ಅಂದಮೇಲೆ ಎರಡು ಉತ್ತರ ಇರಲೇಬೇಕು, ಒಂದೇ ಉತ್ತರ ಇದ್ದರೆ ಅದಕ್ಕೆ ಪರೀಕ್ಷೆ ಅಂತ ಯಾಕೆ ಹೆಸರು? ಗಂಡನ ಮನೆಯಿಂದ ಬಂದ ಹೆಣ್ಣಿಗೂ ನಮ್ಮ ಊರುಗಳು ಇದೇ ಮಾತು ಅನ್ನುತ್ತವೆ. ಊರಿಗೆ ಬೇರೆ ಮಾತು ಗೊತ್ತಿಲ್ಲ.

ಹಣದ ವಿಷಯ ನೇರವಾಗಿ ಹೇಳುತ್ತೇನೆ. ಸಭೆ ಬಿಟ್ಟವರು ಅಲ್ಲಿ ಮಾಡಿದ ಕೆಲಸಕ್ಕೆ ಸಂಬಳ ಅಂತ ಕೇಳುವ ಹಾಗಿಲ್ಲ, ಕಾನೂನು ಹಾಗೆ ಹೇಳುತ್ತದೆ. ಆದರೆ ಅದೇ ಕಾನೂನಿನ ಮುಂದಿನ ವಾಕ್ಯ, ಬಿಟ್ಟು ಹೋಗುವವರ ಜೊತೆ ಸಭೆ ನ್ಯಾಯದಿಂದ, ಶುಭಸಂದೇಶಕ್ಕೆ ತಕ್ಕ ಪ್ರೀತಿಯಿಂದ ನಡೆದುಕೊಳ್ಳಬೇಕು ಅನ್ನುತ್ತದೆ. ನಮ್ಮಲ್ಲಿ ಬಹಳ ಜನ ಮೊದಲ ವಾಕ್ಯ ಓದಿ ಪುಸ್ತಕ ಮುಚ್ಚಿಡುತ್ತಾರೆ. ಒಂಬತ್ತು ವರ್ಷಕ್ಕೆ 5,000 ಅಂದರೆ ನ್ಯಾಯವೂ ಅಲ್ಲ, ಪ್ರೀತಿಯೂ ಅಲ್ಲ. ಪ್ರೊವಿನ್ಶಿಯಲ್‌ಗೆ, ಅಂದರೆ ನಿನ್ನ ಸಭೆಯ ಪ್ರಾಂತ್ಯದ ಮುಖ್ಯಸ್ಥೆಗೆ, ಪತ್ರ ಬರಿ. ಸಿಟ್ಟಿನ ಪತ್ರ ಬೇಡ, ಲೆಕ್ಕದ ಪತ್ರ: ಎಷ್ಟು ವರ್ಷ ಇದ್ದೆ, ಯಾವ ಶಾಲೆಯಲ್ಲಿ ಯಾವ ಕ್ಲಾಸ್, ಈಗ ಏನು ಬೇಕು. ಬಿ.ಎಡ್ ಆಗಿಲ್ಲದಿದ್ದರೆ ಅದರ ಫೀಸು, ಒಂದು ವರ್ಷದ ಬಾಡಿಗೆ, ಪಾಠ ಮಾಡಿದ ಅನುಭವದ ಸರ್ಟಿಫಿಕೇಟ್, ನಿನ್ನ ಮಾರ್ಕ್ಸ್ ಕಾರ್ಡ್‌ಗಳು. ಎರಡು ತಿಂಗಳಲ್ಲಿ ಉತ್ತರ ಬರದಿದ್ದರೆ ಧರ್ಮಾಧ್ಯಕ್ಷರಿಗೆ (ಬಿಷಪ್‌ಗೆ) ಅದರ ಪ್ರತಿ ಕಳಿಸು. ನಾಚಿಕೆ ಪಡಬೇಡ. ಭಾನುವಾರ ಪೂಜೆಗೆ ಹೋದರೆ ಹಿಂದಿನ ಸಾಲಲ್ಲಿ ಕೂರಬೇಡ.

ಪ್ರಶ್ನೆ: ಶಿರ್ವ ಕಡೆಯವನು, 58 ವರ್ಷ. ಒಬ್ಬಳೇ ಮಗಳು, ಎಂ.ಕಾಂ. ಆಗಿದೆ, ಸಿಸ್ಟರ್ ಆಗುತ್ತೇನೆ ಅಂತ ಕೂತಿದ್ದಾಳೆ. ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ನಮ್ಮನ್ನು ಯಾರು ನೋಡಿಕೊಳ್ಳುತ್ತಾರೆ? ಒಂದು ಎಕರೆ ಜಾಗವೂ ಕಾನ್ವೆಂಟಿಗೆ ಹೋಗುತ್ತದೆ ಅಂತಾರೆ ಅಣ್ಣನ ಮಕ್ಕಳು.

ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ತಂದೆತಾಯಿ ನಿಜವಾಗಿ ಕಷ್ಟದಲ್ಲಿದ್ದು ಮಕ್ಕಳ ಆಸರೆ ಬೇಕೇ ಬೇಕು ಅನ್ನುವ ಹಾಗಿದ್ದರೆ ಅಂಥವರನ್ನು ಸೇರಿಸಿಕೊಳ್ಳಬಾರದು ಅಂತ 1917ರ ಹಳೆಯ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಈಗಿನದ್ದರಲ್ಲಿ ಆ ಸಾಲು ಇಲ್ಲ, ಆದರೆ ವಿವೇಕ ಇರುವ ಯಾವ ಸುಪೀರಿಯರ್ ಆದರೂ ಡಯಾಲಿಸಿಸ್ ಅಂದ ತಕ್ಷಣ ಪೆನ್ನು ಕೆಳಗಿಟ್ಟು ಮಗಳ ಜೊತೆ ಆ ವಿಷಯವನ್ನೇ ಮಾತಾಡುತ್ತಾರೆ. ಮಗಳು ಇದನ್ನು ಅವರಿಗೆ ಹೇಳಿದ್ದಾಳಾ, ಕೇಳಿ. ಹೇಳಿಲ್ಲದಿದ್ದರೆ ಹೇಳಲೇಬೇಕು.

ಈಗ ನಿಮಗೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಮಗಳು ಮದುವೆಯಾಗಿ ಗಂಡನ ಜೊತೆ ದುಬೈಗೆ ಹೋಗುತ್ತೇನೆ ಅಂದಿದ್ದರೆ ಇದೇ ಪತ್ರ ಬರೆಯುತ್ತಿದ್ದಿರಾ? ಆಗ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವರು ಯಾರಾಗುತ್ತಿದ್ದರು? ಅವರು ಈಗಲೂ ಇರುತ್ತಾರೆ, ಅಲ್ವಾ. ಬರೆಯುತ್ತಿದ್ದೆ ಅನ್ನುವುದಾದರೆ ನಿಮ್ಮ ಮಾತಿಗೆ ಪೂರ್ತಿ ತೂಕ ಇದೆ, ಮಗಳು ಕಾಯಬೇಕು. ಇಲ್ಲ ಅನ್ನುವುದಾದರೆ ಆ ನೋವಿಗೆ ಬೇರೆ ಕಾರಣ ಇದೆ, ಮೊಮ್ಮಕ್ಕಳ ಆಸೆಯೇ ಇರಬಹುದು. ಅದನ್ನು ಅದೇ ಹೆಸರಿನಲ್ಲಿ ಮಗಳಿಗೆ ಹೇಳಿ. ಹೆಂಡತಿಯ ಕಾಯಿಲೆಯ ಹಿಂದೆ ಅದನ್ನು ನಿಲ್ಲಿಸಬೇಡಿ.

ಜಾಗದ ಬಗ್ಗೆ ಅಣ್ಣನ ಮಕ್ಕಳಿಗೆ ಯಾಕೆ ಅಷ್ಟು ಕಾಳಜಿ ಅಂತ ನಾನು ಕೇಳಲ್ಲ. ಜಾಗ ನಿಮ್ಮದು, ನೀವು ಯಾರಿಗೆ ಬರೆದರೂ ಅವರದು. ಮಗಳಿಗೆ ಬರೆದರೂ ಮೊದಲ ವ್ರತಕ್ಕೆ ಮುಂಚೆ ಅದರ ಮೇಲುಸ್ತುವಾರಿಯನ್ನು ತನಗೆ ಬೇಕಾದವರಿಗೆ ವಹಿಸಿಕೊಡುತ್ತಾಳೆ, ಕೊನೆಯ ವ್ರತಕ್ಕೆ ಮುಂಚೆ ದೇಶದ ಕಾನೂನು ಒಪ್ಪುವಂಥ ಉಯಿಲು ಬರೆಯುತ್ತಾಳೆ. ಸೇರಿದ ತಕ್ಷಣ ಆಸ್ತಿ ಕಾನ್ವೆಂಟ್ ಪಾಲು ಅನ್ನುವುದು ಬಾಯಿಮಾತು.

ಪ್ರಶ್ನೆ: ನನಗೆ ಶಾಲೆ, ಆಸ್ಪತ್ರೆ ಯಾವುದೂ ಬೇಡ. ಮೌನ, ಪ್ರಾರ್ಥನೆ ಅಷ್ಟೇ ಸಾಕು ಅನ್ನಿಸುತ್ತದೆ. ಅಂಥ ಸಿಸ್ಟರ್‌ಗಳು ಈಗಲೂ ಇದ್ದಾರಾ?

ಉತ್ತರ: ಇದ್ದಾರೆ. ಮಂಗಳೂರಿನ ಕಂಕನಾಡಿ ಹತ್ತಿರ ಕಾರ್ಮೆಲ್ ಮಠ ಇದೆ, 1870ರಲ್ಲಿ ಶುರುವಾದದ್ದು. ಶುರು ಮಾಡಲು ಫ್ರಾನ್ಸಿನಿಂದ ಹಡಗಿನಲ್ಲಿ ಬಂದವರಲ್ಲಿ ಮರಿಯಂ ಬವಾರ್ದಿ ಅನ್ನುವ ಅರಬ್ ಹುಡುಗಿ ಇದ್ದಳು, 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೆಗೆದುಕೊಂಡಳು. ಮರುವರ್ಷ ಅವಳನ್ನು ವಾಪಸ್ ಕಳಿಸಿಬಿಟ್ಟರು. ಅವಳಿಗೆ ಆಗುತ್ತಿದ್ದ ಅನುಭವಗಳು ದೇವರದ್ದಾ ಅಲ್ಲವಾ ಅಂತ ಇಲ್ಲಿಯವರಿಗೆ ಅನುಮಾನ ಬಂದಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು. ಪರೀಕ್ಷೆ ಮಾಡುವವರೂ ಎಡವುತ್ತಾರೆ ಅನ್ನಲು ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಮೌನ ಇಷ್ಟ ಅನ್ನುವುದಕ್ಕೂ ಜನ ಇಷ್ಟವಿಲ್ಲ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮಠದಲ್ಲಿ ಜನ ಕಡಿಮೆ ಇರುತ್ತಾರೆ ನಿಜ, ಆದರೆ ಅದೇ ಹದಿನೈದು ಜನ, ಸಾಯುವವರೆಗೆ. ಊಟ ಮಾಡುವಾಗ ಸದ್ದು ಮಾಡುವವರು ಮೂವತ್ತು ವರ್ಷ ಪಕ್ಕದಲ್ಲೇ ಸದ್ದು ಮಾಡುತ್ತಾರೆ. ಅದಕ್ಕೇ 2018ರ ವ್ಯಾಟಿಕನ್ ನಿಯಮದ ಪ್ರಕಾರ ಅಲ್ಲಿ ಕೊನೆಯ ವ್ರತಕ್ಕೆ ಕನಿಷ್ಠ ಒಂಬತ್ತು ವರ್ಷದ ತಯಾರಿ ಬೇಕು.

ಪ್ರಶ್ನೆ: ನಾವು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಪ್ರಾಟೆಸ್ಟೆಂಟರು. ಸಿಸ್ಟರ್ ಆಗಬೇಕು ಅಂದರೆ ಕಥೋಲಿಕಳಾಗಲೇಬೇಕಾ?

ಉತ್ತರ: ಬೇಡಮ್ಮ. ನಿಮ್ಮಲ್ಲೇ ಸಿಸ್ಟರ್‌ಗಳ ಸಂಘ ಇದೆ, 1952ರಿಂದ. ಸಿಸ್ಟರ್ ಕ್ಯಾರಲ್ ಗ್ರಹಾಂ ಅದನ್ನು ಮುನ್ನಡೆಸಿದ ಮೊದಲಿಗರು, ಬೆಂಗಳೂರಿನ ವಿಶ್ರಾಂತಿ ನಿಲಯಂ ಅವರ ಮನೆ. ನಿಮ್ಮ ಪಾಸ್ಟರ್‌ಗೇ ಗೊತ್ತಿಲ್ಲದಿದ್ದರೂ ಆಶ್ಚರ್ಯ ಪಡಬೇಡಿ, ಬಿಷಪ್ ಆಫೀಸಿನಲ್ಲಿ ವಿಚಾರಿಸಿ.

ಪ್ರಶ್ನೆ: ಜೂನ್‌ನಲ್ಲಿ ಸೇರುತ್ತಿದ್ದೇನೆ ಸಿಸ್ಟರ್! ತರಬೇಕಾದ ವಸ್ತುಗಳ ಪಟ್ಟಿ ಬಂದಿದೆ: ಜ್ಞಾನಸ್ನಾನ ಮತ್ತು ದೃಢೀಕರಣದ ಸರ್ಟಿಫಿಕೇಟ್, ಮೆಡಿಕಲ್ ರಿಪೋರ್ಟ್, ಎರಡು ಬೆಡ್‌ಶೀಟ್, ತಟ್ಟೆ-ಲೋಟ. ಮೊಬೈಲ್ ಕೊಡಬೇಕಾಗುತ್ತಾ? ಪಟ್ಟಿಯಲ್ಲಿ ಇಲ್ಲದ್ದು ಏನಾದರೂ ತರಲಾ?

ಉತ್ತರ: ಮೊಬೈಲ್ ಬಹುಪಾಲು ಕಡೆ ತೆಗೆದಿಟ್ಟುಕೊಳ್ಳುತ್ತಾರೆ, ಭಾನುವಾರ ಮನೆಗೆ ಮಾತಾಡಲು ಕೊಡುತ್ತಾರೆ. ಮೊದಲ ವಾರ ಕೈ ತುರಿಸುತ್ತದೆ, ಆಮೇಲೆ ಮರೆತೇ ಹೋಗುತ್ತದೆ. ಮೆಡಿಕಲ್ ರಿಪೋರ್ಟ್‌ನಲ್ಲಿ ಏನನ್ನೂ ಮುಚ್ಚಿಡಬೇಡ. ಥೈರಾಯ್ಡ್ ಮಾತ್ರೆ, ಹಿಂದೆ ಯಾವಾಗಲೋ ಡಿಪ್ರೆಶನ್‌ಗೆ ತೋರಿಸಿದ್ದು, ಎಲ್ಲ ಹೇಳು. ಮುಚ್ಚಿಟ್ಟದ್ದು ಯಾವಾಗಲೋ ಹೊರಗೆ ಬಂದರೆ ಕಾಯಿಲೆಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ. ಮನೆಯ ವಿಳಾಸ ಬರೆದ ನಾಲ್ಕು ಕವರ್ ಇಟ್ಟುಕೋ. ಬಸ್ ಚಾರ್ಜಿಗೆ ಆಗುವಷ್ಟು ದುಡ್ಡು ಅಪ್ಪನ ಹತ್ತಿರ ಬೇರೆಯಾಗಿ ಇಡಿಸಿ, ವಾಪಸ್ ಬರಬೇಕು ಅನ್ನಿಸಿದರೆ ಯಾವ ರಾತ್ರಿಯಾದರೂ ಬರಬಹುದು ಅಂತ ಅಪ್ಪನ ಬಾಯಿಂದ ಒಂದು ಸಲ ಹೇಳಿಸಿಕೊಂಡು ಹೊರಡು.

ಪಟ್ಟಿಯಲ್ಲಿ ಇಲ್ಲದ್ದು ಅಂದರೆ ಉಪ್ಪಿನಕಾಯಿ. ನಾನು ಹೋದಾಗ ಅವ್ವ ಹಾರ್ಲಿಕ್ಸ್ ಬಾಟಲಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ತುಂಬಿ, ಮೇಲೆ ಬಟ್ಟೆ ಕಟ್ಟಿ, ಸೀರೆ ನಡುವೆ ಇಟ್ಟಿದ್ದರು. ಎರಡನೇ ದಿನ ಮದರ್ ಟ್ರಂಕ್ ನೋಡಲು ಬಂದಾಗ ಕೋಣೆಯೆಲ್ಲ ಘಮ್ ಅಂತಿತ್ತು. ನಾನು ಅಳುಮುಖ ಮಾಡಿಕೊಂಡು ನಿಂತಿದ್ದೆ. ಅವರು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಮಧ್ಯಾಹ್ನ ಮೇಜಿಗೆ ತಂದಿಡು, ಎಲ್ಲರಿಗೂ ಒಂದೊಂದು ಮಿಡಿ ಅಂದರು. 22 ಜನ ಇದ್ದೆವು. ನನ್ನ ಪಾಲಿಗೆ ಬಂದದ್ದು ರಸ.